ಮನೆಯ ಹಾಡಿನ ಸರ್ವರ್ ಫೋನಿಗೆ ಒಮ್ಮೆ ಸಿಗ್ತದೆ, ಒಮ್ಮೆ ಸಿಗುದಿಲ್ಲ. ಎಲ್ಲಿಂದ ಹುಡುಕುದು?

ಗೆಜ್ಜೆನಾದ (ಅಂಬಲಪಾಡಿ, ಉಡುಪಿ)
ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಕಂಪ್ಯೂಟರ್), ಅದಕ್ಕೆ 2 ಟಿಬಿಯ ಯುಎಸ್‌ಬಿ ಹಾರ್ಡ್ ಡಿಸ್ಕ್, ಮೇಲೆ ನ್ಯಾವಿಡ್ರೋಮ್ (ಹಾಡು ಹಂಚುವ ಸರ್ವರ್ ತಂತ್ರಾಂಶ), ಪೋರ್ಟ್ (ಅದು ಕಿವಿಗೊಡುವ ಬಾಗಿಲಿನ ಸಂಖ್ಯೆ) 4533. ಒಳಗಿರುದು ಹೆಚ್ಚಾಗಿ ಕ್ಯಾಸೆಟ್ಟಿನಿಂದ ಇಳಿಸಿದ ಯಕ್ಷಗಾನ, ತಾಳಮದ್ದಳೆ. ಎಲ್ಲ ಫ್ಲ್ಯಾಕ್ (ಧ್ವನಿಯ ಗುಣ ಕಳೆಯದೆ ಕುಗ್ಗಿಸಿದ) ಕಡತ. ಫೋನು ಆಂಡ್ರಾಯ್ಡ್ 13, ಅದರಲ್ಲಿ ಸಬ್‌ಸಾನಿಕ್ ಮಾದರಿಯ ಆಪ್, ಅಂಥ ಸರ್ವರಿನಿಂದ ಹಾಡು ತಂದು ನುಡಿಸುವಂಥದ್ದು.

ತೊಂದರೆ ಎಂತ ಅಂದ್ರೆ, ಆಪ್ ಚೆನ್ನಾಗಿ ಹಾಡ್ತಾ ಇರ್ತದೆ, ಮಧ್ಯದಲ್ಲಿ "ಸರ್ವರ್ ಸಿಗುತ್ತಿಲ್ಲ" ಅಂತ ಹೇಳ್ತದೆ. ಹತ್ತು ನಿಮಿಷ ಬಿಟ್ಟು ನೋಡಿದ್ರೆ ತನ್ನಷ್ಟಕ್ಕೆ ಸರಿ. ಕೆಲವು ಸಲ ಆಪ್ ತೆಗೆದು ಹೊಸದಾಗಿ ಹಾಕಿದ ಮೇಲೆ ಸರಿಯಾಗ್ತದೆ. ಕರೆಂಟ್ ಹೋಗಿ ಬಂದ ದಿನ ಉಪದ್ರ ಜಾಸ್ತಿ. ಅದೇ ಹೊತ್ತಿಗೆ ಮೇಲಿನ ಕೋಣೆಯ ಲ್ಯಾಪ್‌ಟಾಪಿನಲ್ಲಿ ಸರ್ವರ್ ಆರಾಮಾಗಿ ತೆರೀತದೆ. ಪೈ ಸತ್ತದ್ದಲ್ಲ ಅನ್ನುದು ಖಚಿತ. ಆಪ್ ಬದಲಿಸಬೇಕಾ, ಸರ್ವರ್ ಬದಲಿಸಬೇಕಾ?

ಪಡುಗಾಳಿ
ಆಪ್ ಬದಲಿಸಿ. ಸಬ್‌ಸಾನಿಕ್ ಆಪ್‌ಗಳು ಬೇಕಾದಷ್ಟು ಉಂಟು, ಒಂದು ಸರಿಯಾಗದಿದ್ರೆ ಇನ್ನೊಂದು.

ಕಲ್ಲಡ್ಕ_ಚಾ
ನಿಮ್ಮ ಇಂಟರ್ನೆಟ್ ಪ್ಲಾನ್ ಎಷ್ಟು ಎಂಬಿಪಿಎಸ್? 40 ಇದ್ರೆ 100ಕ್ಕೆ ಹೋಗಿ. ಫ್ಲ್ಯಾಕ್ ಭಾರ.

ಮುರಕಲ್ಲು (ಕುಲಶೇಖರ, ಮಂಗಳೂರು)
ಪ್ಲಾನಿಗೂ ಇದಕ್ಕೂ ಸಂಬಂಧ ಇಲ್ಲ. ಪೈಯಿಂದ ಫೋನಿಗೆ ಬರುವ ಹಾಡು ಮನೆಯ ಒಳಗೇ ಓಡ್ತದೆ, ಕಂಪೆನಿಯ ತಂತಿಗೆ ಹೋಗುದೇ ಇಲ್ಲ. ಭಾರದ ಲೆಕ್ಕವೂ ತಪ್ಪು. ಸಿಡಿ ಗುಣಮಟ್ಟದ ಕಚ್ಚಾ ಧ್ವನಿ ಸೆಕೆಂಡಿಗೆ 1,411 ಕಿಲೋಬಿಟ್, ಫ್ಲ್ಯಾಕ್ ಮಾಡಿದ್ರೆ ಹೆಚ್ಚುಕಡಿಮೆ ಅದರ ಅರ್ಧ. ಅತ್ಯಂತ ಕೆಟ್ಟ ವೈಫೈಯೂ ಅಷ್ಟನ್ನು ಹೊರ್ತದೆ. ವೇಗ ಸಾಲದಿದ್ರೆ ಹಾಡು ತಡೆದು ತಡೆದು ಬರ್ತದೆ, "ಸರ್ವರ್ ಸಿಗುತ್ತಿಲ್ಲ" ಅಂತ ಹೇಳುದಿಲ್ಲ.

ಗೆಜ್ಜೆನಾದ ಅವರೇ, ಈಗ ಏನನ್ನೂ ಬದಲಿಸಬೇಡಿ. ಬಂದು ಹೋಗುವ ರೋಗಕ್ಕೆ ಕಂಡಕಂಡದ್ದು ಬದಲಿಸಿದ್ರೆ ಯಾವುದರಿಂದ ಗುಣ ಆಯ್ತು ಅಂತ ಗೊತ್ತಾಗುದಿಲ್ಲ. ಮುಂದಿನ ಸಲ ಕೈಕೊಟ್ಟಾಗ, ಆ ಕ್ಷಣದಲ್ಲೇ, ವೈಫೈ ಆಫ್ ಆನ್ ಮಾಡದೆ, ಆಪ್ ಮುಚ್ಚದೆ, ಇಷ್ಟು ಬರೆದಿಡಿ:

ಫೋನಿನ ವೈಫೈ ವಿವರದಲ್ಲಿ ಕಾಣುವ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಫೋನಿನ ಸಂಖ್ಯೆ) ಮತ್ತು ಗೇಟ್‌ವೇ (ರೌಟರಿನ ವಿಳಾಸ). ಗೇಟ್‌ವೇಗೆ ಪಿಂಗ್, ಅಂದ್ರೆ ಇದ್ದೀಯಾ ಅಂತ ಕೇಳುವ ಕರೆ, ಹೋಗ್ತದಾ (ಪಿಂಗ್ ಮಾಡುವ ಉಚಿತ ಆಪ್ ಬೇಕಾದಷ್ಟು ಸಿಗ್ತದೆ). ಸರ್ವರಿಗೆ ಪಿಂಗ್ ಹೋಗ್ತದಾ. ಫೋನಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸ ಮತ್ತು 4533 ಹೊಡೆದರೆ ಪುಟ ತೆರೀತದಾ. ಕೊನೆಗೆ, ಆಪ್ ಕೊಡುವ ತಪ್ಪಿನ ಸಂದೇಶದ ಪೂರ್ತಿ ಸಾಲು. "ಟೈಮ್ಡ್ ಔಟ್" ಅಂತ ಉಂಟಾ, "ರಿಫ್ಯೂಸ್ಡ್" ಅಂತ ಉಂಟಾ, "ಹೋಸ್ಟ್ ಹೆಸರು ಸಿಗಲಿಲ್ಲ" ಅಂತ ಉಂಟಾ?

ಈ ಮೂರು ಬೇರೆ ಬೇರೆ ಕಾಯಿಲೆ. ರಿಫ್ಯೂಸ್ಡ್ ಅಂದ್ರೆ ಪೈ ಎಚ್ಚರ ಉಂಟು, ಬಾಗಿಲು ತಟ್ಟಿದ್ದು ಕೇಳಿದೆ, ಆದರೆ ಆ ಪೋರ್ಟಿನಲ್ಲಿ ನ್ಯಾವಿಡ್ರೋಮ್ ಇಲ್ಲ. ಟೈಮ್ಡ್ ಔಟ್ ಅಂದ್ರೆ ತಟ್ಟಿದ ಸದ್ದೇ ಅಲ್ಲಿಗೆ ಮುಟ್ಟಲಿಲ್ಲ, ಅಥವಾ ಉತ್ತರ ಹೊತ್ತಿಗೆ ಸರಿಯಾಗಿ ವಾಪಸ್ ಬರಲಿಲ್ಲ. ಹೆಸರು ಸಿಗಲಿಲ್ಲ ಅಂದ್ರೆ ಫೋನು ಬಾಗಿಲಿನ ತನಕ ಹೋಗಲೇ ಇಲ್ಲ, ವಿಳಾಸ ಹುಡುಕುವಲ್ಲೇ ನಿಂತಿತು.

ಬಂದರು_ಬದಿ (ಮಲ್ಪೆ)
ಅದರ ಜೊತೆ ಪೈಯ ಕರೆಂಟೂ ನೋಡಿ. ಪೈ 4ಕ್ಕೆ 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ಬೇಕು. ಹಳೆ ಫೋನಿನ ಚಾರ್ಜರ್ ಹಾಕಿ, ಮೇಲಿಂದ ಡಿಸ್ಕನ್ನೂ ಅದರಲ್ಲೇ ಓಡಿಸಿದ್ರೆ ಆಗುದಿಲ್ಲ. ಅದರ ನಾಲ್ಕೂ ಯುಎಸ್‌ಬಿ ಕಿಂಡಿಗೆ ಸೇರಿ ಸಿಗುದು 1.2 ಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಶುರುವಾಗುವ ಆ ಒಂದೆರಡು ಸೆಕೆಂಡಿನಲ್ಲಿ ಎಳೆತ ಜೋರು, ವೋಲ್ಟೇಜ್ ಕುಸೀತದೆ. ಪೈಯಲ್ಲಿ ವಿಸಿಜೆನ್‌ಕಮಾಂಡ್‌ನ "ಗೆಟ್ ಥ್ರಾಟಲ್ಡ್" ಆದೇಶ ಕೊಡಿ. ಬರೇ ಸೊನ್ನೆ ಬಂದ್ರೆ ಸುಖ. 50000 ಬಂದ್ರೆ, ಬೂಟ್ ಆದ ಮೇಲೆ ಒಮ್ಮೆಯಾದರೂ ವೋಲ್ಟೇಜ್ ಬಿದ್ದಿದೆ ಅಂತ ಅರ್ಥ.

ತಂತಿಬೇಲಿ
ಪೈ ವೈಫೈಯಲ್ಲಿ ಇದ್ದರೆ ಮೊದಲು ಅದನ್ನು ತೆಗೀರಿ. ಸರ್ವರ್ ಅಂದ ಮೇಲೆ ತಂತಿಯಲ್ಲೇ ಇರಬೇಕು. ಪೈಯ ವೈಫೈಗೆ ಪವರ್‌ಸೇವ್ ಅಂತ ಒಂದು ಉಂಟು, ಕೆಲಸ ಇಲ್ಲದಾಗ ತೂಕಡಿಸ್ತದೆ. ನೆಟ್‌ವರ್ಕ್‌ಮ್ಯಾನೇಜರ್ ಸೆಟ್ಟಿಂಗಿನಲ್ಲಿ ವೈಫೈ ಪವರ್‌ಸೇವ್ ಮೌಲ್ಯ 2 ಮಾಡಿದ್ರೆ ಬಂದ್ ಆಗ್ತದೆ, 3 ಅಂದ್ರೆ ಚಾಲೂ. ಅಲ್ಲದೆ ಯುಎಸ್‌ಬಿ 3ರ ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸ್ತದೆ. ನೀಲಿ ಕಿಂಡಿಗೆ ಡಿಸ್ಕ್ ಹಾಕಿ ಅದೇ ಪೆಟ್ಟಿಗೆಯ ವೈಫೈ ಚೆನ್ನಾಗಿ ಬರಬೇಕು ಅಂದ್ರೆ ಹೇಗೆ?

ಗೆಜ್ಜೆನಾದ
ಪೈ ತಂತಿಯಲ್ಲೇ ಉಂಟು, ಮೇಲಿನ ಕೋಣೆಯ ರೌಟರಿಗೆ ಸಿಕ್ಕಿಸಿದ್ದು. ಅಡಾಪ್ಟರ್ ಪೈಯದ್ದೇ. ಥ್ರಾಟಲ್ಡ್ ಸೊನ್ನೆ ಬಂತು.

ಮುರಕಲ್ಲು
"ಮೇಲಿನ ಕೋಣೆಯ ರೌಟರ್" ಅಂದ್ರಿ. ಹಾಗಾದ್ರೆ ಕೆಳಗೆ ಇನ್ನೊಂದು ಉಂಟಾ?

ಗೆಜ್ಜೆನಾದ
ಹೌದು. ಕೆಳಗೆ ಚಾವಡಿಯಲ್ಲಿ ಫೈಬರ್ ಕಂಪೆನಿಯ ಪೆಟ್ಟಿಗೆ, ಅದರಲ್ಲೇ ವೈಫೈ ಬರ್ತದೆ. ಗೋಡೆ ಕೆಂಪುಕಲ್ಲಿನದ್ದು, ಮೇಲಿಗೆ ಸಿಗ್ನಲ್ ಬರುದಿಲ್ಲ ಅಂತ ಎರಡನೇ ರೌಟರ್ ಹಾಕಿದ್ದು. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್.

ಮುರಕಲ್ಲು
ಕೆಳಗಿನಿಂದ ಬಂದ ತಂತಿ ಮೇಲಿನ ರೌಟರಿನ ಯಾವ ಕಿಂಡಿಗೆ ಹೋಗಿದೆ? ಬೇರೆ ಬಣ್ಣದ ವ್ಯಾನ್ ಕಿಂಡಿಗಾ (ಹೊರಗಿನ ಇಂಟರ್ನೆಟ್ ಬರುವ ಕಿಂಡಿ), ಲ್ಯಾನ್ ಕಿಂಡಿಗಾ (ಮನೆಯೊಳಗಿನ ಯಂತ್ರಗಳ ಕಿಂಡಿ)? ಮತ್ತೆ ಆಗ ಕೇಳಿದ ಅಂಕೆಗಳನ್ನು ಮನೆಯ ಮೂರು ಜಾಗದಲ್ಲಿ ನಿಂತು ಬರೆದುಕೊಡಿ.

ಪಡುಗಾಳಿ
ಇಷ್ಟು ಗೋಜಲು ಯಾಕೆ? ಟೇಲ್‌ಸ್ಕೇಲ್ ಹಾಕಿ ಬಿಡಿ, ಯಂತ್ರಗಳ ನಡುವೆ ಖಾಸಗಿ ಸುರಂಗ (ವಿಪಿಎನ್) ಕಟ್ಟುವ ಆಪ್ ಅದು. ಪೈಗೂ ಫೋನಿಗೂ 100ರಿಂದ ಶುರುವಾಗುವ ಒಂದೊಂದು ಖಾಯಂ ವಿಳಾಸ ಸಿಗ್ತದೆ. ಮನೆಯಲ್ಲಿರಿ, ಮಣಿಪಾಲದಲ್ಲಿರಿ, ಬೆಂಗಳೂರಿಗೆ ಹೋಗಿ, ವಿಳಾಸ ಅದೇ. ಐದು ನಿಮಿಷದ ಕೆಲಸ.

ಸೇಬು_ಫೋನು
ಆಂಡ್ರಾಯ್ಡ್ 10ರ ನಂತರ ಫೋನು ತನ್ನ ಮ್ಯಾಕ್ ವಿಳಾಸ (ಯಂತ್ರದ ಗುರುತುಸಂಖ್ಯೆ) ಮರೆಸಿ ಬೇರೆ ತೋರಿಸ್ತದೆ. ಅದನ್ನು ಬಂದ್ ಮಾಡಿ, ಫೋನಿನ ನಿಜ ಮ್ಯಾಕ್ ಕೊಡಿ. ಐಫೋನಿನಲ್ಲೂ ಐಒಎಸ್ 14ರಿಂದ ಅದೇ.

ಮುರಕಲ್ಲು
ಸೇಬು_ಫೋನು, ಅದು ಈ ರೋಗಕ್ಕೆ ಮದ್ದಲ್ಲ. ಖಾಯಂ ವಿಳಾಸ ಬೇಕಾದ್ದು ಸರ್ವರಿಗೆ. ಫೋನಿನ ವಿಳಾಸ ದಿನಕ್ಕೊಂದು ಆದರೂ ಅಡ್ಡಿಯಿಲ್ಲ, ಕರೆ ಮಾಡುದು ಫೋನು, ಸರ್ವರ್ ಅಲ್ಲ. ರೌಟರಿನಲ್ಲಿ ಮ್ಯಾಕ್ ನೋಡಿ ಒಳಬಿಡುವ ಪಟ್ಟಿ ಇಟ್ಟಿದ್ದರೆ ಮಾತ್ರ ನೀವು ಹೇಳಿದ್ದು ಬೇಕಾಗ್ತದೆ.

ಪಡುಗಾಳಿ, ಟೇಲ್‌ಸ್ಕೇಲ್ ಒಳ್ಳೆಯದೇ, ಹೊರಗಿನಿಂದ ಕೇಳಲು ಅದನ್ನೇ ನಾನೂ ಹೇಳುದು. ಆದರೆ ಮನೆಯೊಳಗೆ ಹತ್ತು ಅಡಿ ದೂರದ ಪೆಟ್ಟಿಗೆ ಸಿಗುದಿಲ್ಲ ಅಂತ ಸುರಂಗ ತೋಡುದು ಸರಿಯಲ್ಲ. ಆಂಡ್ರಾಯ್ಡಿನಲ್ಲಿ ಒಮ್ಮೆಗೆ ಒಂದೇ ವಿಪಿಎನ್ ನಡೀತದೆ, ವಿಪಿಎನ್ ಆಗಿ ಕೂರುವ ಜಾಹೀರಾತು ತಡೆಯುವ ಆಪ್ ಇದ್ದರೆ ಎರಡಕ್ಕೂ ಜಗಳ. ಮೇಲಾಗಿ ಜೋಡಿ ಕಟ್ಟುವ ಕೆಲಸ ಆಗುದು ಹೊರಗಿನ ಸರ್ವರಿನ ಮೂಲಕ. ಫೈಬರ್ ಕಡಿದ ದಿನ ಹೊಸದಾಗಿ ಜೋಡಿ ಆಗದೆ ನಿಲ್ಲಬಹುದು. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹೋಗುದು ಅಪರೂಪವಾ?

ಗೆಜ್ಜೆನಾದ
ಬರೆದುಕೊಂಡೆ.

ಮೇಲಿನ ಕೋಣೆ: ಫೋನು 192.168.0.112, ಗೇಟ್‌ವೇ 192.168.0.1. ಸರ್ವರ್ 192.168.0.105, ಪಿಂಗ್ 4 ಮಿಲಿಸೆಕೆಂಡ್. ಆಪ್ ಸರಿ.
ಅಡುಗೆಮನೆ: ಫೋನು 192.168.1.7, ಗೇಟ್‌ವೇ 192.168.1.1. ಸರ್ವರಿಗೆ ಪಿಂಗ್ ಉತ್ತರವೇ ಇಲ್ಲ. ಆಪಿನಲ್ಲಿ "ಟೈಮ್ಡ್ ಔಟ್".
ಮೆಟ್ಟಿಲು: ಇಳಿಯುವಾಗ 192.168.0.112, ಹಾಡು ಬರ್ತದೆ. ಕೆಳಗಿಂದ ಹತ್ತುವಾಗ ಅದೇ ಮೆಟ್ಟಿಲಲ್ಲಿ 192.168.1.7, ಹಾಡು ಇಲ್ಲ.

ತಂತಿ ಹೋಗಿರುದು ನೀಲಿ ಬಣ್ಣದ ವ್ಯಾನ್ ಕಿಂಡಿಗೆ.

ತಂತಿಬೇಲಿ
ಆಯ್ತು, ಕಳ್ಳ ಸಿಕ್ಕಿದ.

ಮುರಕಲ್ಲು
ಹೌದು, ಇದೇ. ನಿಮ್ಮ ಮನೆಯಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್ ಉಂಟು. ಹೆಸರು ಒಂದೇ ಆದ ಕಾರಣ ಕಣ್ಣಿಗೆ ಒಂದೇ ಅಂತ ಕಾಣ್ತದೆ. ಕೆಳಗಿನದ್ದು 192.168.1, ಮೇಲಿನದ್ದು 192.168.0. ವ್ಯಾನ್ ಕಿಂಡಿಗೆ ತಂತಿ ಹಾಕಿದ ಕೂಡಲೇ ಮೇಲಿನ ರೌಟರ್ ತನ್ನ ಹಿಂದೆ ಇರುವವರನ್ನೆಲ್ಲ ಮರೆಮಾಡ್ತದೆ. ಒಳಮನೆಯಲ್ಲಿ ಇದ್ದವರು ಚಾವಡಿಗೆ ಬರಬಹುದು, ಚಾವಡಿಯಲ್ಲಿ ಕೂತವರು ಕರೆಯದೆ ಒಳಮನೆಗೆ ಹೋಗುವ ಹಾಗಿಲ್ಲ. ಪೈ ಇರುದು ಒಳಮನೆಯಲ್ಲಿ. ಕೆಳಗಿನ ವೈಫೈ ಹಿಡಿದ ಫೋನಿಗೆ 192.168.0.105 ಅನ್ನುವ ವಿಳಾಸಕ್ಕೆ ದಾರಿಯೇ ಗೊತ್ತಿಲ್ಲ.

ಈಗ ಉಳಿದ ಲಕ್ಷಣಗಳನ್ನೂ ಕೂಡಿಸಿ ನೋಡಿ. ಫೋನು ಒಮ್ಮೆ ಹಿಡಿದ ವೈಫೈಯನ್ನು ಸುಲಭಕ್ಕೆ ಬಿಡುದಿಲ್ಲ. ಸಿಗ್ನಲ್ ತೀರಾ ಸೋತ ಮೇಲೆ, ಅಂದಾಜು ಮೈನಸ್ 75 ಡಿಬಿಎಂ ಆಸುಪಾಸಿಗೆ ಇಳಿದ ಮೇಲೆ, ಇನ್ನೊಂದನ್ನು ಹುಡುಕ್ತದೆ. ಅದಕ್ಕೇ ಮೆಟ್ಟಿಲಿನಲ್ಲಿ ಇಳಿಯುವಾಗ ಒಂದು, ಹತ್ತುವಾಗ ಇನ್ನೊಂದು. ಹತ್ತು ನಿಮಿಷದಲ್ಲಿ "ತನ್ನಷ್ಟಕ್ಕೆ ಸರಿ" ಆದದ್ದು ನೀವು ಮೇಲೆ ಹೋದ ಕಾರಣ. ಆಪ್ ಹೊಸದಾಗಿ ಹಾಕುವಷ್ಟರಲ್ಲಿ ಫೋನು ರೌಟರ್ ಬದಲಿಸಿರ್ತದೆ, ಹೆಸರು ಬಂದದ್ದು ಆಪಿಗೆ.

ಕಲ್ಲಡ್ಕ_ಚಾ
ಕರೆಂಟ್ ಹೋದ ದಿನ ಜಾಸ್ತಿ ಯಾಕೆ ಮತ್ತೆ?

ಮುರಕಲ್ಲು
ಎರಡು ಕಾರಣ ಇರಬಹುದು. ಎರಡೂ ಪೆಟ್ಟಿಗೆ ಒಟ್ಟಿಗೆ ಏಳುದಿಲ್ಲ, ಮೊದಲು ಎದ್ದದ್ದನ್ನು ಫೋನು ಹಿಡೀತದೆ, ಆಮೇಲೆ ಅದಕ್ಕೇ ಅಂಟಿಕೊಳ್ತದೆ. ಇನ್ನೊಂದು, ನಿಮ್ಮಲ್ಲಿ ವೈಫೈ ಬಂದರೂ ಕಂಪೆನಿಯ ಕಡೆ ಇನ್ನೂ ಇಂಟರ್ನೆಟ್ ಬಂದಿರುದಿಲ್ಲ. ಆಂಡ್ರಾಯ್ಡ್ ಆಗ "ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ" ಅಂತ ತೀರ್ಮಾನಿಸಿ ಮೊಬೈಲ್ ಡೇಟಾಕ್ಕೆ ಹಾರ್ತದೆ. ಮೊಬೈಲ್ ಡೇಟಾದಿಂದ 192.168 ವಿಳಾಸ ಸಿಗುವ ಪ್ರಶ್ನೆಯೇ ಇಲ್ಲ. ಸೆಟ್ಟಿಂಗಿನಲ್ಲಿ "ಮೊಬೈಲ್ ಡೇಟಾಕ್ಕೆ ತಾನಾಗಿ ಬದಲಿಸು" ಅನ್ನುದನ್ನು ತೆಗೀರಿ. "ಇಂಟರ್ನೆಟ್ ಇಲ್ಲದಿದ್ದರೂ ಸಂಪರ್ಕದಲ್ಲಿರಲೇ" ಅಂತ ಕೇಳಿದಾಗ ಹೌದು ಒತ್ತಿ, ಮತ್ತೆ ಕೇಳಬೇಡ ಅಂತಲೂ ಗುರುತು ಹಾಕಿ.

ತಂತಿಬೇಲಿ
ಸುಲಭದ ದಾರಿ ಒಂದುಂಟು. ಪೈಯನ್ನು ಎತ್ತಿ ಕೆಳಗೆ ಚಾವಡಿಯ ಪೆಟ್ಟಿಗೆಗೆ ಸಿಕ್ಕಿಸಿ. ಮೇಲಿನಿಂದ ಕೆಳಗೆ ದಾರಿ ಉಂಟಲ್ಲ, ಎರಡೂ ಕಡೆ ಸಿಗ್ತದೆ. ರೌಟರ್ ಮುಟ್ಟುದೇ ಬೇಡ.

ಮುರಕಲ್ಲು
ಸಿಗ್ತದೆ, ನಿಜ. ಆದರೆ ಅಂಕೆಯ ವಿಳಾಸ ಹೊಡೆದರೆ ಮಾತ್ರ. ತಾನಾಗಿ ಹುಡುಕುವ ಆಪ್‌ಗಳು, .ಲೋಕಲ್ ಅಂತ ಮುಗಿಯುವ ಹೆಸರುಗಳು ನಡೆಯುದು ಎಂಡಿಎನ್‌ಎಸ್‌ನಲ್ಲಿ. ಅದು 224.0.0.251ಕ್ಕೆ, ಪೋರ್ಟ್ 5353ರಲ್ಲಿ ಕೂಗಿ ಕರೆಯುವ ವಿಧಾನ. ಆ ಕೂಗು ಒಂದು ನೆಟ್‌ವರ್ಕಿನ ಗಡಿ ದಾಟುದಿಲ್ಲ. ನಾಳೆ ಇವರು ಡಿಎಲ್‌ಎನ್‌ಎ (ಮನೆಯ ನೆಟ್‌ವರ್ಕಿನಲ್ಲಿ ಹಾಡು ಹಂಚುವ ಪದ್ಧತಿ) ಸ್ಪೀಕರ್ ತಂದ್ರೆ ಅದರ ಕೂಗೂ (239.255.255.250, ಪೋರ್ಟ್ 1900) ಹಾಗೇ. ಮೆಟ್ಟಿಲಲ್ಲಿ ರೌಟರ್ ಬದಲಾದಾಗ ಫೋನಿನ ಐಪಿಯೇ ಬದಲಾಗಿ ನಡೆಯುತ್ತಿದ್ದ ಹಾಡಿನ ಸಂಪರ್ಕ ಕಡಿಯುದೂ ತಪ್ಪುದಿಲ್ಲ. ಎರಡು ನೆಟ್‌ವರ್ಕನ್ನು ಒಂದು ಮಾಡುದೇ ಸರಿ.

ತಂತಿಬೇಲಿ
ಒಪ್ಪಿದೆ. ಐಪಿ ಬದಲಾಗುವ ವಿಷಯ ಮರೆತಿದ್ದೆ.

ಮುರಕಲ್ಲು
ಮೇಲಿನ ರೌಟರಿನ ಮೆನುವಿನಲ್ಲಿ "ಎಪಿ ಮೋಡ್" ಅಥವಾ "ಆಕ್ಸೆಸ್ ಪಾಯಿಂಟ್" (ಬೇರೆ ನೆಟ್‌ವರ್ಕ್ ಕಟ್ಟದೆ ವೈಫೈ ಮಾತ್ರ ಕೊಡುವ ರೀತಿ) ಇದ್ದರೆ ಅದನ್ನು ಒತ್ತಿ, ರೀಸ್ಟಾರ್ಟ್ ಮಾಡಿ, ಮುಗೀತು. ಇಲ್ಲದಿದ್ರೆ ಕೈಯಾರೆ ಮಾಡಬೇಕು, ಆಗ ಕ್ರಮ ತಪ್ಪಬಾರದು.

ಮೊದಲು ವ್ಯಾನ್ ಕಿಂಡಿಯ ತಂತಿ ಎಳೆದು ಬಿಡಿ. ಅದು ಇದ್ದ ಹಾಗೇ ಮುಂದಿನದ್ದು ಮಾಡಲು ಹೋದ್ರೆ ಎಷ್ಟೋ ರೌಟರ್ "ವ್ಯಾನ್, ಲ್ಯಾನ್ ಎರಡೂ ಒಂದೇ ಶ್ರೇಣಿ" ಅಂತ ಒಪ್ಪುದಿಲ್ಲ. ಲ್ಯಾಪ್‌ಟಾಪನ್ನು ತಂತಿಯಲ್ಲಿ ಮೇಲಿನ ರೌಟರಿಗೆ ಸಿಕ್ಕಿಸಿ. ರೌಟರಿನ ಲ್ಯಾನ್ ವಿಳಾಸವನ್ನು 192.168.1.2 ಮಾಡಿ. ಅದು ಮರುಶುರುವಾದ ಮೇಲೆ ಹೊಸ ವಿಳಾಸದಲ್ಲಿ ಒಳಹೋಗಿ ಡಿಎಚ್‌ಸಿಪಿ (ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಬಂದ್ ಮಾಡಿ. ಆಗ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರು ಇರುದಿಲ್ಲ, ಹೆದರಬೇಡಿ. ಮತ್ತೆ ಒಳಹೋಗಬೇಕಾದ್ರೆ ಕೈಯಿಂದ 192.168.1.50 ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ವಾಪಸ್ ಆಟೋಮ್ಯಾಟಿಕ್ ಮಾಡಿ. ಕೊನೆಗೆ ಕೆಳಗಿನಿಂದ ಬಂದ ತಂತಿಯನ್ನು ನೀಲಿ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಹಾಕಿ.

ಡಿಎಚ್‌ಸಿಪಿ ಬಂದ್ ಮಾಡದೆ ತಂತಿ ಬದಲಿಸಿದ್ರೆ ಒಂದೇ ಮನೆಗೆ ಇಬ್ಬರು ಯಜಮಾನರು. ಕೆಲವು ಫೋನಿಗೆ ಸರಿಯಾದ ಗೇಟ್‌ವೇ ಸಿಗ್ತದೆ, ಕೆಲವಕ್ಕೆ ತಪ್ಪು. ಈಗಿನದ್ದಕ್ಕಿಂತ ಹಿಡಿಯಲು ಕಷ್ಟದ ರೋಗ ಅದು.

ಗೆಜ್ಜೆನಾದ
ಪೈಗೆ ಖಾಯಂ ವಿಳಾಸ ಎಲ್ಲಿ ಕೊಡುದು? ಡಿಎಚ್‌ಸಿಪಿಸಿಡಿ ಕಡತ ತಿದ್ದಿ ಅಂತ ಒಂದು ಕಡೆ ಓದಿ ತಿದ್ದಿದ್ದೆ, ಏನೂ ಆಗಲಿಲ್ಲ.

ತಂತಿಬೇಲಿ
ಅದು ಹಳೆಯ ಪಾಠ. 2023ರಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ರಾಸ್ಪ್‌ಬೆರಿ ಪೈ ಓಎಸ್ ನೆಟ್‌ವರ್ಕ್‌ಮ್ಯಾನೇಜರಿಗೆ ಹೋಗಿದೆ. ಹಳೆ ಕಡತ ತಿದ್ದಿದ್ರೆ ಯಾರೂ ಓದುದಿಲ್ಲ. ಎನ್‌ಎಂಟಿಯುಐ (ಅದರ ಸೆಟ್ಟಿಂಗ್ ಪರದೆ) ತೆರೆದು ವಿಳಾಸ 192.168.1.20/24, ಗೇಟ್‌ವೇ 192.168.1.1, ಡಿಎನ್‌ಎಸ್‌ಗೂ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಜಾಗ) ಅದೇ ಹಾಕಿ. ಕೆಳಗಿನ ಪೆಟ್ಟಿಗೆ ಹಂಚುವ ಶ್ರೇಣಿಯನ್ನು 100ರಿಂದ 200 ಅಂತ ಇಟ್ಟರೆ 20 ಇನ್ಯಾರಿಗೂ ಹೋಗುದಿಲ್ಲ.

ಮುರಕಲ್ಲು
ಕಂಪೆನಿಯ ಪೆಟ್ಟಿಗೆಯಲ್ಲಿ ಆ ಮೆನು ತೆರೆದಿದ್ದರೆ ಡಿಎಚ್‌ಸಿಪಿ ಕಾದಿರಿಸುವಿಕೆಯೇ ಮೇಲು, ಎಲ್ಲ ವಿಳಾಸ ಒಂದೇ ಪುಟದಲ್ಲಿ ಕಾಣ್ತದೆ. ಬೀಗ ಹಾಕಿದ್ದರೆ ತಂತಿಬೇಲಿ ಹೇಳಿದ ಹಾಗೆ ಮಾಡಿ. ಮತ್ತೆ ವೈಫೈ ಚಾನೆಲ್: 2.4ರಲ್ಲಿ ಕೆಳಗಿನದ್ದು 1, ಮೇಲಿನದ್ದು 11. 5 ಗಿಗಾಹರ್ಟ್ಸಿನಲ್ಲಿ ಮೇಲಿನದ್ದಕ್ಕೆ 36, ಕೆಳಗಿನದ್ದಕ್ಕೆ 149. 52ರಿಂದ 144ರ ಚಾನೆಲ್‌ಗಳಲ್ಲಿ ರೇಡಾರ್ ಕಂಡ್ರೆ ರೌಟರ್ ಜಾಗ ಖಾಲಿ ಮಾಡಬೇಕು ಅಂತ ನಿಯಮ ಉಂಟು, ಆಗ ವೈಫೈ ಸ್ವಲ್ಪ ಹೊತ್ತು ಮಾಯ ಆಗಬಹುದು. ಕಡಲತಡಿಯಲ್ಲಿ, ವಿಮಾನ ನಿಲ್ದಾಣದ ಹತ್ತಿರ ಇರುವವರು ಅದನ್ನು ಬಿಟ್ಟರೇ ಒಳ್ಳೆಯದು.

ಬಂದರು_ಬದಿ
ಕಡಲತಡಿ ಅಂದ ಮೇಲೆ ಕಿಂಡಿ ನೋಡಲೇಬೇಕು. ಉಪ್ಪುಗಾಳಿಗೆ ಆರ್‌ಜೆ45 ತುದಿಯ ಎಂಟು ಹಿತ್ತಾಳೆ ಬಣ್ಣದ ಹಲ್ಲುಗಳ ಮೇಲೆ ಪಾಚಿಯ ಹಾಗೆ ಹಸಿರು ಕೂತ್ಕೊಳ್ತದೆ. ಟಾರ್ಚ್ ಬಿಟ್ಟು ನೋಡಿದ್ರೆ ಕಾಣ್ತದೆ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಒಂದು ಹಲ್ಲು ಕೆಟ್ಟರೆ ವೇಗ 1000ದಿಂದ 100ಕ್ಕೆ ಇಳೀತದೆ, ಅಥವಾ ಸಂಪರ್ಕ ಕಡಿದು ಕಡಿದು ಕೂಡ್ತದೆ. ಪೈಯಲ್ಲಿ ಇಥ್‌ಟೂಲ್ ಹೊಡೆದು ವೇಗ ನೋಡಿ. 100 ತೋರಿಸಿದ್ರೆ ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ, ಉಜ್ಜಿ ಉಪಯೋಗ ಇಲ್ಲ.

ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರ್ತದೆ, ಅದನ್ನು ಹಾಕಿ. ಸಾದಾ ಮೋಡಿನಲ್ಲಿ ಕರೆಂಟ್ ಬದಲಾಗುವ ಸಮಯ ಜಾಸ್ತಿ, ಫ್ಯಾನಿಗೆ ಗೊತ್ತಾಗುದಿಲ್ಲ, ರೌಟರ್ ರೀಬೂಟ್ ಆಗ್ತದೆ.

ಪಡುಗಾಳಿ
ಹೊರಗಿನಿಂದ ಕೇಳಲು ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕರೆಯನ್ನು ರೌಟರ್ ಪೈಗೆ ಕಳಿಸುವ ಹಾಗೆ) ಮಾಡಿದ್ರೂ ಆಗ್ತದಲ್ಲ, ಟೇಲ್‌ಸ್ಕೇಲ್ ಬೇಡ ಅಂದ್ರೆ?

ಮುರಕಲ್ಲು
ಬೇಡ. 4533 ನೇರ ಹೊರಗೆ ತೆರೆದರೆ ಗೂಢಲಿಪಿ ಇಲ್ಲದ ಎಚ್‌ಟಿಟಿಪಿ ಬೀದಿಗೆ ಬಂದ ಹಾಗೆ. ಅದಲ್ಲದೆ ರೌಟರಿನ ವ್ಯಾನ್ ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ (ಕಂಪೆನಿ ಹಲವು ಮನೆಗೆ ಒಂದೇ ಹೊರವಿಳಾಸ ಹಂಚುವ ರೀತಿ) ಹಿಂದೆ ಇದ್ದೀರಿ, ಫಾರ್ವರ್ಡ್ ಮಾಡಿದ್ರೂ ಹೊರಗಿನವರು ಬರಲು ಆಗುದಿಲ್ಲ. ಇಲ್ಲಿ ನಿಮ್ಮ ಟೇಲ್‌ಸ್ಕೇಲೇ ಸರಿ.

ಗೆಜ್ಜೆನಾದ
ಎಪಿ ಮೋಡ್ ಮೆನು ಇರಲಿಲ್ಲ, ಕೈಯಾರೆ ಮಾಡಿ ಆಯ್ತು. ಪೈ ಈಗ 192.168.1.20. ಅಡುಗೆಮನೆ, ಮೆಟ್ಟಿಲು, ಮೇಲೆ, ಎಲ್ಲ ಕಡೆ ಫೋನಿಗೆ ಒಂದೇ ವಿಳಾಸ, ಹಾಡುತ್ತಾ ಮೆಟ್ಟಿಲು ಇಳಿದರೂ ಕಡಿಯುದಿಲ್ಲ. ಕಿಂಡಿಯಲ್ಲಿ ಹಸಿರು ಇರಲಿಲ್ಲ, ವೇಗ 1000.

ಎರಡು ಉಳಿದಿದೆ. ಬೆಳಿಗ್ಗೆ ಮೊದಲ ಸಲ ತೆರೆದಾಗ ಪ್ರಸಂಗಗಳ ಪಟ್ಟಿ ಬರ್ತದೆ, ಹಾಡು ಒತ್ತಿದ್ರೆ ಟೈಮ್ ಔಟ್. ಎರಡನೇ ಸಲ ಒತ್ತಿದ್ರೆ ಬರ್ತದೆ. ಮತ್ತೆ, ಪರದೆ ಆಫ್ ಮಾಡಿ ಕಿಸೆಗೆ ಹಾಕಿದ್ರೆ ಎರಡೋ ಮೂರೋ ಪದ್ಯ ಆದ ಮೇಲೆ ನಿಲ್ತದೆ.

ಬಂದರು_ಬದಿ
ಮೊದಲನೆಯದ್ದು ಡಿಸ್ಕ್ ಮಲಗಿದ್ದು. ಪಟ್ಟಿ ಇರುದು ನ್ಯಾವಿಡ್ರೋಮಿನ ಡೇಟಾಬೇಸಿನಲ್ಲಿ, ಅದು ಎಸ್‌ಡಿ ಕಾರ್ಡಿನಲ್ಲಿ, ಕೂಡಲೇ ಬರ್ತದೆ. ಹಾಡು ಇರುದು ಡಿಸ್ಕಿನಲ್ಲಿ, ಅದು ಎದ್ದು ತಿರುಗಲು ಐದಾರು ಸೆಕೆಂಡಿನಿಂದ ಹತ್ತು ಸೆಕೆಂಡ್ ಬೇಕು. ಕಿವಿ ಇಟ್ಟರೆ ಮೊದಲು ಕಟಕ್ ಅಂತ ಒಂದು ಸದ್ದು, ಆಮೇಲೆ ಏರುತ್ತಾ ಹೋಗುವ ಗುಂಯ್ ಸದ್ದು ಕೇಳ್ತದೆ. ಆಪಿನ ತಾಳ್ಮೆ ಅಷ್ಟರೊಳಗೆ ಮುಗೀತದೆ. ಎಚ್‌ಡಿಪಾರ್ಮ್‌ನಲ್ಲಿ (ಡಿಸ್ಕಿನ ಸೆಟ್ಟಿಂಗ್ ಬದಲಿಸುವ ಆದೇಶ) ದೊಡ್ಡಕ್ಷರದ ಎಸ್ ಆಯ್ಕೆಗೆ 242 ಕೊಟ್ಟರೆ ಒಂದು ಗಂಟೆ ಸುಮ್ಮನಿದ್ದ ಮೇಲಷ್ಟೇ ಮಲಗ್ತದೆ, 241 ಅಂದ್ರೆ ಅರ್ಧ ಗಂಟೆ, 0 ಅಂದ್ರೆ ಮಲಗುದೇ ಇಲ್ಲ. ಕೆಲವು ಯುಎಸ್‌ಬಿ ಪೆಟ್ಟಿಗೆ ಈ ಆದೇಶ ಕೇಳುದಿಲ್ಲ.

ತಂತಿಬೇಲಿ
0 ಹಾಕಿ. ದಿನಕ್ಕೆ ಇಪ್ಪತ್ತು ಸಲ ಎದ್ದು ಮಲಗುದಕ್ಕಿಂತ ತಿರುಗುತ್ತಾ ಇರುದೇ ಡಿಸ್ಕಿಗೆ ಒಳ್ಳೆಯದು.

ಬಂದರು_ಬದಿ
ಮುಚ್ಚಿದ ಕಪಾಟಿನೊಳಗೆ, ಏಪ್ರಿಲ್ ತಿಂಗಳ ಸೆಕೆಯಲ್ಲಿ? ನಾನು ಒಪ್ಪುದಿಲ್ಲ. ಒಂದು ಗಂಟೆ ಇಡಿ, ಆಪಿನ ಟೈಮ್ ಔಟ್ 30 ಸೆಕೆಂಡ್ ಮಾಡಿ. ರಾತ್ರಿ ಇಡೀ ಕಾದು ಕೂರುವ ಅಗತ್ಯ ಅದಕ್ಕಿಲ್ಲ.

ಇನ್ನೊಂದು, ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್ ಜೋಡಿಸಬೇಕು ಅನ್ನುವ ಕಡತ) ಡಿಸ್ಕನ್ನು ಯುಯುಐಡಿಯಿಂದ (ಅದರದ್ದೇ ಗುರುತುಸಂಖ್ಯೆ) ಹೆಸರಿಸಿ, ನೋಫೇಲ್ (ಡಿಸ್ಕ್ ಸಿಗದಿದ್ರೂ ಬೂಟ್ ನಿಲ್ಲದ ಹಾಗೆ) ಸೇರಿಸಿ. ನ್ಯಾವಿಡ್ರೋಮ್ ಸರ್ವಿಸಿಗೆ "ರಿಕ್ವೈರ್ಸ್ ಮೌಂಟ್ಸ್ ಫಾರ್" ಸಾಲಿನಲ್ಲಿ ಹಾಡಿನ ಫೋಲ್ಡರ್ ದಾರಿ ಕೊಡಿ. ಇಲ್ಲದಿದ್ರೆ ಕರೆಂಟ್ ಬಂದ ಕೂಡಲೇ ಡಿಸ್ಕ್ ಸಿದ್ಧವಾಗುವ ಮೊದಲೇ ಸರ್ವರ್ ಎದ್ದು, ಖಾಲಿ ಫೋಲ್ಡರ್ ನೋಡಿ, ಹಾಡೆಲ್ಲ ಕಾಣೆ ಅಂತ ಬರ್ಕೊಳ್ತದೆ.

ಸೇಬು_ಫೋನು
ಎರಡನೆಯದ್ದು ಬ್ಯಾಟರಿ ಉಳಿಸುವ ವ್ಯವಸ್ಥೆ. ಆಪ್ ಮಾಹಿತಿ, ಬ್ಯಾಟರಿ, "ಅನ್‌ರಿಸ್ಟ್ರಿಕ್ಟೆಡ್". ಕೆಲವು ಫೋನಿನಲ್ಲಿ "ಆಟೋಸ್ಟಾರ್ಟ್" ಅಂತ ಬೇರೆ ಪುಟದಲ್ಲೂ ಒಂದು ಅನುಮತಿ ಇರ್ತದೆ, ಅದನ್ನೂ ಕೊಡಿ. ಐಫೋನಿನವರಿಗೆ ಬೇರೆ: ಐಒಎಸ್ 14ರಿಂದ "ಲೋಕಲ್ ನೆಟ್‌ವರ್ಕ್" ಅನುಮತಿ ಬೇಕು, ಮೊದಲ ಸಲ ಕೇಳಿದಾಗ ಬೇಡ ಒತ್ತಿದವರಿಗೆ, ಸೆಟ್ಟಿಂಗಿನಲ್ಲಿ ಆ ಅನುಮತಿ ಕೊಡುವ ತನಕ ಸರ್ವರ್ ಸಿಗುದಿಲ್ಲ.

ಮುರಕಲ್ಲು
ಹೌದು. ಜೊತೆಗೆ ಆಪಿನಲ್ಲಿ ಮುಂದಿನ ಮೂರೋ ಐದೋ ಹಾಡು ಮೊದಲೇ ಇಳಿಸಿಕೊಳ್ಳುವ ಆಯ್ಕೆ ಇದ್ದರೆ ಹಾಕಿ. ಎರಡು ಮೂರು ಪದ್ಯ ಆದ ಮೇಲೆ ನಿಲ್ತದೆ ಅಂದ್ರೆ ಅಷ್ಟೇ ಮೊದಲೇ ಇಳಿದಿತ್ತು, ಆಮೇಲೆ ಫೋನು ಆಪಿನ ನೆಟ್ ಕಟ್ಟಿತು ಅಂತ ನನ್ನ ಅಂದಾಜು.

ಅಕ್ಷರಮಾಲೆ
ವಿಷಯದಿಂದ ಸ್ವಲ್ಪ ಆಚೆ, ಕ್ಷಮಿಸಿ. ಪ್ರಸಂಗದ ಹೆಸರು ಕನ್ನಡದಲ್ಲಿ ಹಾಕಿದವರು ಇದನ್ನು ನೋಡ್ಕೊಳ್ಳಿ. "ಕೋ" ಅನ್ನುವ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ರೀತಿ ಇಡಬಹುದು: ಓ ಸ್ವರಚಿಹ್ನೆ ಒಂದೇ ತುಂಡಾಗಿ, ಅಥವಾ ಎ ಚಿಹ್ನೆ, ಊ ಚಿಹ್ನೆ, ದೀರ್ಘ ಅಂತ ಮೂರು ತುಂಡಾಗಿ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಹಳೆಯ ಮ್ಯಾಕಿನಿಂದ ತಂದ ಕಡತದ ಹೆಸರು ತುಂಡಾಗಿರ್ತದೆ. ಅದರಿಂದ ಹುಡುಕಿದ್ರೆ ಸಿಗದೆ ಇರುದು, ಒಂದೇ ಪ್ರಸಂಗ ಎರಡು ಆಲ್ಬಮ್ ಆಗುದು ಎಲ್ಲ ಆಗ್ತದೆ. ಎಲ್ಲವನ್ನೂ ಎನ್‌ಎಫ್‌ಸಿ, ಅಂದ್ರೆ ಒಂದೇ ತುಂಡಿನ, ರೂಪಕ್ಕೆ ತನ್ನಿ. ನುಡಿ, ಬರಹದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಮೊದಲು ಯೂನಿಕೋಡಿಗೆ ಪರಿವರ್ತನೆ ಆಗಬೇಕು, ಇಲ್ಲದಿದ್ರೆ ಆಪಿನಲ್ಲಿ ಅರ್ಥವಿಲ್ಲದ ಅಕ್ಷರ ಕಾಣ್ತದೆ.

ಆಲ್ಬಮ್ ಜಾಗದಲ್ಲಿ ಪ್ರಸಂಗ, ಆಲ್ಬಮ್ ಕಲಾವಿದರ ಜಾಗದಲ್ಲಿ ಭಾಗವತರು, ಕಲಾವಿದರ ಜಾಗದಲ್ಲಿ ಆ ಭಾಗದ ಅರ್ಥಧಾರಿಗಳು. ಹೀಗೆ ಹಾಕಿದ್ರೆ ಒಂದು ಕ್ಯಾಸೆಟ್ ಹತ್ತು ಆಲ್ಬಮ್ ಆಗಿ ಚೂರಾಗುದಿಲ್ಲ.

ಗೆಜ್ಜೆನಾದ
"ಕೋ" ವಿಷಯ ನನಗೆ ಬೇಕಾದ್ದೇ. ಒಂದು ಪ್ರಸಂಗ ಎರಡು ಕಡೆ ಕಾಣ್ತಿತ್ತು.

ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಡಿಸ್ಕಿಗೆ 242 ಕೊಟ್ಟು, ಟೈಮ್ ಔಟ್ 30 ಮಾಡಿದೆ. ಪರದೆ ಆಫ್ ಮಾಡಿ ಇಟ್ಟರೂ ಒಂದೂವರೆ ಗಂಟೆಯ ಕ್ಯಾಸೆಟ್ ಪೂರ್ತಿ ನಿಲ್ಲದೆ ಹೋಯ್ತು. ಕರೆಂಟ್ ತೆಗೆದು ಹಾಕಿಯೂ ನೋಡಿದೆ, ಎರಡು ನಿಮಿಷದೊಳಗೆ ತಾನಾಗಿ ಸಿಕ್ಕಿತು. ಎಲ್ಲರಿಗೂ ಉಪಕಾರ ಆಯ್ತು.

ಕಲ್ಲಡ್ಕ_ಚಾ
90 ನಿಮಿಷದ ಕ್ಯಾಸೆಟ್ಟಿಗೆ ಜಾಗ ಎಷ್ಟು ಹಿಡೀತದೆ? ನಮ್ಮಲ್ಲಿ ಒಂದು ಪೆಟ್ಟಿಗೆ ತುಂಬ ಉಂಟು, ಬೂಸ್ಟು ಬಂದಿದೆ.

ಬಂದರು_ಬದಿ
ಕಚ್ಚಾ ವೇವ್ 950 ಎಂಬಿ, ಫ್ಲ್ಯಾಕ್ ಆದರೆ ಸುಮಾರು ಅರ್ಧ.

ಬೂಸ್ಟು ಬಂದದ್ದನ್ನು ನೇರ ಪ್ಲೇಯರಿಗೆ ಹಾಕಬೇಡಿ. ಬಿಳಿ ಹುಡಿ ಹೆಡ್ಡಿಗೆ (ಪ್ಲೇಯರಿನಲ್ಲಿ ಟೇಪ್ ಓದುವ ಭಾಗ) ಅಂಟಿ ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಹರಡ್ತದೆ. ಮೊದಲು ಸಿಲಿಕಾ ಜೆಲ್ ಜೊತೆ ಮುಚ್ಚಿದ ಡಬ್ಬಿಯಲ್ಲಿ ಕೆಲವು ದಿನ ಒಣಗಿಸಿ. ಬಿಸಿಲಿಗೆ ಇಡಬೇಡಿ, ಟೇಪ್ ಸೊಟ್ಟ ಆಗ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ ಸುರುಳಿಯ ಅಂಚನ್ನು ಒಣ ಹತ್ತಿಬಟ್ಟೆಯಲ್ಲಿ ಮೆತ್ತಗೆ ಒರೆಸಿ. ಪ್ರತಿ ಬದಿ ಮುಗಿದ ಮೇಲೆ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ರಬ್ಬರ್ ರೋಲರಿಗೆ ಮಾತ್ರ ಅದನ್ನು ಧಾರಾಳ ಹಚ್ಚಬೇಡಿ. ಕೆಲಸ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಇಳಿಸುವ ಮೊದಲು ಹೆಡ್ಡಿನ ಓರೆ ಸರಿ ಮಾಡಿ. ಎಡಬಲ ಎರಡೂ ಸೇರಿಸಿ ಮೋನೋದಲ್ಲಿ ಕೇಳುತ್ತಾ, ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ತೆಂಕುತಿಟ್ಟಿನ ಕ್ಯಾಸೆಟ್ ಆದರೆ ಚಕ್ರತಾಳದ ಸದ್ದಿಗೆ ಕಿವಿ ಕೊಡಿ. ಓರೆ ಇದ್ದಾಗ ಅದು ಒದ್ದೆ ಬಟ್ಟೆ ಮುಚ್ಚಿದ ಹಾಗೆ ಮಂಕಾಗಿರ್ತದೆ, ಸರಿಯಾದ ಜಾಗಕ್ಕೆ ಬಂದಾಗ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕಣಕಣ ಕೇಳ್ತದೆ. ಅಲ್ಲಿ ನಿಲ್ಲಿಸಿ. ಬೇರೆ ಡೆಕ್ಕಿನಲ್ಲಿ ರೆಕಾರ್ಡ್ ಆದ ಕ್ಯಾಸೆಟ್ಟಿಗೆ ಪುನಃ ನೋಡಬೇಕಾಗ್ತದೆ.